ಮಿಷಿನ್ ಆಮೇಲೆ, ಮೊದಲು ಒಂದು ಸುತ್ತು: ತೋಟದ ಹುಲ್ಲು ಹೊಡೆಯುವುದು ಹೇಗೆ?

ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ದಾಟಿದ ಮೇಲೆ ನಮ್ಮದೊಂದು ಎಕರೆ ಜಾಗ ಇದೆ. ಒಂದಷ್ಟು ಮಾವು, ನಾಲ್ಕು ತೆಂಗು, ಒಂದು ಶೀಟಿನ ಮನೆ. ವಾರಕ್ಕೊಮ್ಮೆ ಹೋಗೋಣ ಅಂತ ಕೊಂಡಿದ್ದು, ಹೋಗುವುದು ತಿಂಗಳಿಗೊಮ್ಮೆ. ಜೂನ್‌ನಲ್ಲಿ ನಾಲ್ಕು ಮಳೆ ಬಿದ್ದರೆ ಸಾಕು, ಜುಲೈ ಕೊನೆಗೆ ಹುಲ್ಲು ಸೊಂಟಕ್ಕೆ ಬಂದಿರುತ್ತದೆ. ಊರಾಚೆ ಜಾಗ ಮಾಡಿಕೊಂಡ ಬೆಂಗಳೂರಿನವರಿಗೆಲ್ಲ ಇದೇ ಪಾಡು ಅಲ್ವಾ?

ಮೊದಲ ವರ್ಷ ನಾನು ಬ್ರಷ್ ಕಟರ್ (ಹುಲ್ಲು, ಪೊದೆ ಹೊಡೆಯುವ ಮಿಷಿನ್) ತಂದವನೇ ಹಗ್ಗ ಎಳೆದು ಸ್ಟಾರ್ಟ್ ಮಾಡಿದೆ. ಪಕ್ಕದ ಹೊಲದ ಅಜ್ಜ ಬೇಲಿ ಆಚೆಯಿಂದ ಕೂಗಿದರು: "ಸ್ವಾಮಿ, ಮಿಷಿನ್ನು ಆಮೇಕೆ ಹಾಕುವ್ರಂತೆ. ಮೊದ್ಲು ಕೋಲಿಡ್ಕೊಂಡು ಒಂದ್ ಸುತ್ತು ಬನ್ನಿ." ನಾನು ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಬ್ಲೇಡಿಗೆ ಸಿಕ್ಕ ಕಲ್ಲೊಂದು ಹಾರಿ, ಭಾವನ ಕಾರಿನ ಹಿಂದಿನ ಗಾಜು ಪುಡಿಪುಡಿ. ಭಾವ ಈಗಲೂ ಕಾರನ್ನು ಗೇಟಿನ ಆಚೆಯೇ ನಿಲ್ಲಿಸುತ್ತಾರೆ.

ಕೋಲು ಹಿಡಿದು ಒಂದು ಸುತ್ತು

ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ ಶುರು ಮಾಡಿ. ಮೊಣಕಾಲುದ್ದದ ಗಮ್‌ಬೂಟು ಹಾಕಿ, ಉದ್ದನೆ ಕೋಲಿನಿಂದ ಹುಲ್ಲು ಸರಿಸುತ್ತಾ ನಿಧಾನವಾಗಿ ನಡೆಯಿರಿ. ಅವಸರ ಬೇಡ. ಒಂದು ಎಕರೆಗೆ ಮುಕ್ಕಾಲು ಗಂಟೆ ಹೋದರೂ ಹೋಗಲಿ.

ಏನು ಸಿಗುತ್ತದೆ? ಬಾಟಲಿ ಚೂರು, ತುಕ್ಕು ಹಿಡಿದ ಮುಳ್ಳುತಂತಿ, ಡ್ರಿಪ್ ಪೈಪು, ಸರ್ವೆಯವರು ನೆಟ್ಟ ಬಾಂದು ಕಲ್ಲು, ಗಿಡ ಸತ್ತು ಖಾಲಿ ಉಳಿದ ಗುಂಡಿ. ಎತ್ತಿ ಹಾಕುವಂಥದ್ದನ್ನು ಎತ್ತಿ ಹಾಕಿ. ಉಳಿದದ್ದರ ಪಕ್ಕ ಒಂದು ಕಡ್ಡಿ ನೆಟ್ಟು ಕೆಂಪು ಬಟ್ಟೆ ಕಟ್ಟಿ. ಮುಳ್ಳುತಂತಿ ವಿಷಯದಲ್ಲಿ ಮಾತ್ರ ಜಾಸ್ತಿ ಹುಷಾರು. ಬ್ಲೇಡಿಗೆ ಸುತ್ತಿಕೊಂಡು ತುಂಡಾದರೆ ಅದು ಯಾವ ಕಡೆ ಹಾರುತ್ತದೋ ಹೇಳಲಾಗದು.

ನೆಲ ನೋಡಿದ್ದು ಸಾಲದು, ತಲೆ ಎತ್ತಿಯೂ ನೋಡಿ. ಮರದಲ್ಲಿ ಹೆಜ್ಜೇನು ಕಟ್ಟಿದ್ದರೆ ಆ ಕಡೆ ಮಿಷಿನ್ ಒಯ್ಯಲೇಬೇಡಿ. ಅದರ ಸದ್ದು, ಅದುರು ಜೇನಿಗೆ ಆಗಿಬರುವುದಿಲ್ಲ. ಲಂಟಾನದ ಪೊದೆಯೊಳಗೆ ಕಡಜದ ಗೂಡು ಇರಬಹುದು. ಬೇಲಿಗೆ ಹಬ್ಬಿದ ನಸುಗುನ್ನಿ ಬಳ್ಳಿಯನ್ನಂತೂ ಮುಟ್ಟಬೇಡಿ. ಅದರ ಕಾಯಿಯ ಮೇಲಿನ ರೋಮ ಮೈಗೆ ತಾಗಿದರೆ ದಿನವಿಡೀ ತುರಿಕೆ. ಮಿಷಿನ್ನಿಗೆ ಸಿಕ್ಕರೆ ಸುತ್ತ ಇದ್ದವರಿಗೆಲ್ಲ ಹಬ್ಬ. ಎಕ್ಕ, ಕಳ್ಳಿಯ ಹಾಲು ಕಣ್ಣಿಗೆ ಸಿಡಿದರೂ ಕಷ್ಟ. ಈ ಎರಡನ್ನೂ ಗ್ಲೌಸ್ ಹಾಕಿಕೊಂಡು ಕುಡುಗೋಲಿನಲ್ಲೇ ತೆಗೆಯುವುದು ವಾಸಿ.

ಮಿಷಿನ್ ಕೈಗೆತ್ತಿಕೊಂಡಾಗ

ಚಕ್ರದ ಲಾನ್ ಮೂವರ್ ಪಾರ್ಕಿಗೆ ಚೆಂದ. ನಮ್ಮ ಕಲ್ಲುನೆಲಕ್ಕೆ ಹೆಗಲಿಗೆ ಹಾಕುವ ಬ್ರಷ್ ಕಟರ್ರೇ ಸರಿ. ವರ್ಷಕ್ಕೆ ಎರಡು ಸಲದ ಕೆಲಸಕ್ಕೆ ಕೊಳ್ಳಲೇಬೇಕೆಂದಿಲ್ಲ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ವಿಚಾರಿಸಿ ನೋಡಿ.

ಟೂ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. 25ಕ್ಕೆ 1 ಅಂತ ಬರೆದಿದ್ದರೆ ಲೀಟರಿಗೆ 40 ಮಿಲಿ, 50ಕ್ಕೆ 1 ಅಂತಿದ್ದರೆ 20 ಮಿಲಿ. ಫೋರ್ ಸ್ಟ್ರೋಕಿನಲ್ಲಿ ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಇಂಜಿನ್ ತಣ್ಣಗಾಗದೆ ಟ್ಯಾಂಕಿನ ಮುಚ್ಚಳ ತೆಗೆಯಬೇಡಿ.

ಎಳೆ ಹುಲ್ಲಿಗೆ, ಗಿಡದ ಬುಡದ ಹತ್ತಿರ, ಕಲ್ಲಿರುವ ಕಡೆ ನೈಲಾನ್ ದಾರ. ಬಲಿತ ಕಡ್ಡಿ, ಪೊದೆಗೆ ಬ್ಲೇಡು. ದಾರವಾದರೂ ಸಸಿಗೆ ತಾಗಿಸಬೇಡಿ. ತೊಗಟೆ ಸುತ್ತಲೂ ಕಿತ್ತುಹೋದರೆ ಗಿಡ ಸತ್ತಂತೆಯೇ. ಬುಡದ ಸುತ್ತ ಒಂದು ಮೊಳ ಕೈಯಲ್ಲೇ ಕೀಳಿ. ಸಾಮಾನ್ಯವಾಗಿ ಬ್ಲೇಡು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ. ಹಾಗಾಗಿ ಬಲದಿಂದ ಎಡಕ್ಕೆ ಬೀಸಿ. ಬ್ಲೇಡಿನ ಮುಂಭಾಗದ ಬಲ ಅಂಚು ಗಟ್ಟಿ ಕಾಂಡಕ್ಕೆ ತಗುಲಿದರೆ ಮಿಷಿನ್ ಒದೆಯುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ದಪ್ಪನೆ ಪ್ಯಾಂಟು. ಪಂಚೆ ಉಟ್ಟು ಈ ಕೆಲಸ ಬೇಡ. ಮಕ್ಕಳು, ನಾಯಿ, ಕಾರು ಎಲ್ಲವೂ 15 ಮೀಟರ್ ದೂರ ಇರಲಿ.

ಮಣ್ಣು ಕಾಣುವ ಹಾಗೆ ಬೋಳಿಸಬೇಡಿ. ಮೂರ್ನಾಲ್ಕು ಇಂಚು ಬಿಡಿ. ಬೋಳು ನೆಲ ಸಿಕ್ಕರೆ ಮೊದಲು ಬರುವುದು ಕಾಂಗ್ರೆಸ್ ಗಿಡವೇ.

ಯಾವ ಕಡೆಯಿಂದ ಶುರು?

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಬೇಲಿಗುಂಟ ಸುತ್ತುತ್ತಾ ಒಳಗೆ ಬಂದರೆ ಹುಲ್ಲಿನಲ್ಲಿರುವ ಪ್ರಾಣಿಗಳೆಲ್ಲ ನಡುವಿನ ಕೊನೆಯ ತುಂಡಿಗೆ ಸೇರಿಕೊಳ್ಳುತ್ತವೆ. ಕೌಜುಗದ ಮರಿ, ಮೊಲ, ಕೇರೆ ಹಾವು, ನಾಗರಹಾವು, ಎಲ್ಲ. ಆ ಕೊನೆಯ ತುಂಡಿಗೆ ನೀವು ಕಾಲಿಡುತ್ತೀರಿ! ಅದರ ಬದಲು ಮನೆ ಕಡೆಯಿಂದ ಶುರು ಮಾಡಿ, ಪಟ್ಟಿ ಪಟ್ಟಿಯಾಗಿ ಬೇಲಿ ಕಡೆಗೆ ಹೋಗಿ. ಅವುಗಳಿಗೆ ಓಡಲು ದಾರಿ ಇರುತ್ತದೆ. ನಾನು ಬೇಲಿ ಪಕ್ಕ ಎರಡು ಮಾರು ಅಗಲ ಹಾಗೇ ಬಿಡುತ್ತೇನೆ. ಹುತ್ತದ ಸುತ್ತಲೂ ಅಷ್ಟೇ. ತುಂಬೆ ಗಿಡವನ್ನೂ ಉಳಿಸುತ್ತೇನೆ, ಅಮ್ಮನ ಸೋಮವಾರದ ಪೂಜೆಗೆ ಬೇಕು.

ಕುಕ್ಕರ್ ಕೂಗುವ ಹಾಗೆ ಬುಸ್ ಅಂತ ಕೇಳಿದರೆ ಅದು ಕೊಳಕುಮಂಡಲ ಇರಬಹುದು. ನಿಂತು, ನಿಧಾನವಾಗಿ ಹಿಂದೆ ಸರಿಯಿರಿ. ಆದರೆ ಮಿಷಿನ್ ಓಡುವಾಗ ಆ ಸದ್ದು ಕೇಳಿಸದು. ಅದಕ್ಕೇ ಆಗಾಗ ಆಫ್ ಮಾಡಿ ಮುಂದಿನ ಪಟ್ಟಿಯನ್ನು ಕೋಲಿನಿಂದ ತಟ್ಟಿ. ಕಚ್ಚಿಯೇಬಿಟ್ಟರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಉಂಗುರ, ಬೂಟು ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಇಟ್ಟು, 108ಕ್ಕೆ ಫೋನ್ ಮಾಡಿ, ವಿಷಕ್ಕೆ ಮದ್ದು ಇರುವ ಆಸ್ಪತ್ರೆಗೆ ಹೊರಡಿ. ಹಾವು ಹಿಡಿಯಲು ಹೋಗಿ ಹೊತ್ತು ಕಳೆಯಬೇಡಿ. ಆ ಆಸ್ಪತ್ರೆ ಎಲ್ಲಿದೆ ಅಂತ ಜಾಗ ಕೊಂಡ ದಿನವೇ ತಿಳಿದುಕೊಂಡಿರಿ.

ಕಾಂಗ್ರೆಸ್ ಗಿಡಕ್ಕೆ ಬೇರೆ ಲೆಕ್ಕ

ಪಾರ್ಥೇನಿಯಂ ಮೊಳೆತ ಒಂದು, ಒಂದೂವರೆ ತಿಂಗಳಲ್ಲೇ ಹೂ ಬಿಡುತ್ತದೆ. ಒಂದು ಗಿಡದಿಂದ ಸಾವಿರಾರು ಬೀಜ. ಬರೀ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಮಳೆ ಬಂದು ನೆಲ ಮೆತ್ತಗಿರುವಾಗ, ಹೂವಿಗೆ ಮುಂಚೆ, ಬೇರುಸಮೇತ ಕೀಳಿ. ಗ್ಲೌಸ್ ಮತ್ತು ಮಾಸ್ಕ್ ಇರಲಿ. ಕೆಲವರಿಗೆ ಮೈ ಕೆರೆತ, ಉಬ್ಬಸ ಬರುತ್ತದೆ. ಎಲೆ ಮೇಲೆ ಕಂದು ಗೆರೆಯ ಸಣ್ಣ ದುಂಬಿ ಕಂಡರೆ ಕೊಲ್ಲಬೇಡಿ. ಈ ಗಿಡವನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತಂದು, 1984ರಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಟ್ಟ ದುಂಬಿಯ ಸಂತತಿ ಅದು.

ಬೀಜ ಕಟ್ಟದ ಹುಲ್ಲನ್ನು ಮಾವಿನ ಬುಡಕ್ಕೆ ಹೊದಿಸಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟರೆ ಸಾಕು. ಬೆಂಕಿ ಹಾಕಬೇಡಿ. ಎರಡನೇ ಸಲ ಹೊಡೆಯುವುದು ಮಳೆ ನಿಂತ ಮೇಲೆ, ದೀಪಾವಳಿ ಆಸುಪಾಸಿನಲ್ಲಿ. ಇಲ್ಲದಿದ್ದರೆ ಫೆಬ್ರವರಿ, ಮಾರ್ಚ್‌ಗೆ ಹುಲ್ಲು ಒಣಗಿ, ರಸ್ತೆಯಲ್ಲಿ ಯಾರೋ ಎಸೆದ ಒಂದು ಬೀಡಿ ತುಂಡಿಗೆ ತೋಟವೆಲ್ಲ ಹೊತ್ತಿಕೊಳ್ಳುತ್ತದೆ. ಈ ಎರಡನೇ ಸಲ ಹೊಡೆದ ಮೇಲೆ ಮಿಷಿನ್ನಿನ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆರಿಹೋಗುವ ತನಕ ಓಡಿಸಿ ಇಡಿ. ತಿಂಗಳುಗಟ್ಟಲೆ ಪೆಟ್ರೋಲ್ ನಿಂತರೆ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ.