ಮಗಳಿಗೆ ಹೆಸರಿಡುವ ಮುಂಚೆ ಬೇರು ನೋಡಿ

ತೊಟ್ಟಿಲ ಕಾರ್ಯಕ್ಕೆ ಹೆಸರು ಹುಡುಕುವವರೇ, ಆಪ್ ಹೇಳುವ ಅರ್ಥವನ್ನು ಸುಮ್ನೆ ನಂಬಬೇಡಿ. ಒಂದು ಆಪ್‌ನಲ್ಲಿ ಲೀಲಾ, ಲೈಲಾ ಎರಡೂ ಒಂದೇ ಅಂತಿತ್ತು! ಲೀಲಾ ಸಂಸ್ಕೃತದ್ದು, ಆಟ ಅಂತ ಅರ್ಥ. ಲೈಲಾ ಅರಬ್ಬಿಯದು, ಅಂದರೆ ರಾತ್ರಿ. ಸಾರಾ ಕೂಡ ನಮ್ಮ ‘ಸಾರ’ ಅಲ್ಲ. ಹೀಬ್ರೂ ಹೆಸರು, ರಾಜಮನೆತನದ ಹೆಣ್ಣುಮಗಳು ಎಂದರ್ಥ. ಸೋಫಿಯಾ ಗ್ರೀಕ್, ಜ್ಞಾನ.

ನಮ್ಮ ಕಲಬುರಗಿಯಲ್ಲಿ ಇದಕ್ಕೆ ದೂರ ಹೋಗಬೇಕಿಲ್ಲ. ಒಂದೇ ಓಣಿಯಲ್ಲಿ ಶರಣಮ್ಮನೂ ಇರುತ್ತಾರೆ, ಶಬನಮ್ಮೂ ಇರುತ್ತಾರೆ. ಕೇಳಲು ಅಕ್ಕತಂಗಿಯರ ಹಾಗೆ, ಅಲ್ವಾ? ಶಬನಮ್ ಅಂದರೆ ಪಾರ್ಸಿಯಲ್ಲಿ ಇಬ್ಬನಿ. ನೂರ್ ಅರಬ್ಬಿಯಲ್ಲಿ ಬೆಳಕು, ನಮಗೆ ಮಾತ್ರ ಲೆಕ್ಕದ ನೂರು! ಹಾಗಾಗಿ ಉರ್ದು ಬಲ್ಲ ಪಕ್ಕದ ಮನೆಯ ಹಿರಿಯರನ್ನು ಒಮ್ಮೆ ಕೇಳಿ.

ಹೆಸರನ್ನು ಜೋರಾಗಿ ಕೂಗಿಯೂ ನೋಡಿ. ಅಜ್ಜಿ ಅದಕ್ಕೆ ‘ಅಮ್ಮ’ ಸೇರಿಸೇ ಸೇರಿಸುತ್ತಾರೆ.