ಎರಡೇ ಕಿಲೋಮೀಟರ್ ಈಜಿಸಿ ಮಲೇಷ್ಯಾವರೆಗೆ: ಒಬ್ಬ ಬ್ಯಾಕ್‌ಸ್ಟ್ರೋಕ್ ಹುಡುಗನ ಜೊತೆ ನನ್ನ ಅನುಭವ

"ದಿನಕ್ಕೆ ಎರಡು ಕಿಲೋಮೀಟರ್ ಈಜಿಸಿ ನ್ಯಾಷನಲ್ಸ್ ಮೆಡಲ್ ತರ್ತೀರಾ ಮೇಷ್ಟ್ರೇ?" ಅಂತ ನಗುತ್ತಿದ್ದ ಬೇರೆ ಕೋಚ್‌ಗಳು ಈಗ ಫೋನ್ ಮಾಡಿ ಸೆಟ್ ಏನು, ಅಂದರೆ ಏನೇನು ಎಷ್ಟೆಷ್ಟು ಸಲ ಈಜಿಸುತ್ತೀರಿ ಅಂತ ಕೇಳುತ್ತಿದ್ದಾರೆ. ಎಲ್ಲರಿಗೂ ಒಬ್ಬೊಬ್ಬರಿಗೇ ಹೇಳಿ ಸಾಕಾಯಿತು. ಅದಕ್ಕೇ ಒಮ್ಮೆ ಬರೆದುಬಿಡುತ್ತೇನೆ. ಕೋಚಿಂಗ್ ಮಾಡುವವರು ಇದನ್ನು ಓದುತ್ತಿದ್ದೀರಿ ಅಂದುಕೊಂಡಿದ್ದೇನೆ. 

ದಾವಣಗೆರೆಯಲ್ಲಿ ನಾನು ಕಲಿಸುವ ಕೊಳ 25 ಮೀಟರ್. ನಮಗೆ ಸಿಗುವುದು ಬೆಳಗ್ಗೆ ಐದರಿಂದ ಆರೂಕಾಲು. ಆಮೇಲೆ ಪಬ್ಲಿಕ್ ಬ್ಯಾಚ್ ಇಳಿಯುತ್ತದೆ. ಹುಡುಗ ಹರಿಹರದ ಕಡೆಯ ಒಂದು ಹಳ್ಳಿಯವನು, ಹೊಳೆ ದಂಡೆಯ ಮನೆ. ಒಂಬತ್ತು ವರ್ಷಕ್ಕೆ ಬೇಸಿಗೆ ಶಿಬಿರಕ್ಕೆ ಬಂದ. ತುಂಗಭದ್ರೆಯಲ್ಲಿ ಎಮ್ಮೆಗಳ ಜೊತೆ ಅಂಗಾತ ತೇಲಿಕೊಂಡು ಹೋಗಿ ರೂಢಿ ಇತ್ತು. ಹಾಗಾಗಿ ಬಾಡಿ ಪೊಸಿಷನ್ ನಾನು ಕಲಿಸಬೇಕಾಗಲೇ ಇಲ್ಲ. ಸೊಂಟ ನೀರಿನ ಮೇಲೇ ನಿಲ್ಲುತ್ತಿತ್ತು, ಕಿವಿ ಮುಳುಗಿರುತ್ತಿತ್ತು, ಮುಖದಲ್ಲಿ ಯಾವ ಗಾಬರಿಯೂ ಇಲ್ಲ. ಬೇರೆ ಮಕ್ಕಳಿಗೆ ಇದನ್ನು ಕಲಿಸಲು ಎರಡು ವರ್ಷ ಬೇಕು. ಅಲ್ಲೇ ಇವನು ಬ್ಯಾಕ್‌ಸ್ಟ್ರೋಕ್, ಅಂದರೆ ಅಂಗಾತ ಈಜುವವನು, ಅಂತ ತೀರ್ಮಾನ ಮಾಡಿದೆ.

ಮೊದಲ ಕೆಲವು ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆವು. ಕಿಕ್ (ಬರೀ ಕಾಲು), ಪುಲ್ (ಬರೀ ಕೈ), ಡ್ರಿಲ್, ಉದ್ದ ಉದ್ದ ಸೆಟ್. ಸ್ಟೇಟ್ ಸಬ್ ಜೂನಿಯರ್‌ನಲ್ಲಿ ಫೈನಲ್‌ಗೆ ಹೋಗಿ ಕೊನೆಯವನಾಗಿ ಬಂದ. ಹದಿಮೂರಕ್ಕೆ 100 ಮೀಟರ್ 1:13ರ ಆಸುಪಾಸು, ಹದಿನಾಲ್ಕಕ್ಕೆ 1:07. ಆಮೇಲೆ 1:05ಕ್ಕೆ ಬಂದು ನಿಂತುಬಿಟ್ಟ. ಒಂದು ವರ್ಷಕ್ಕಿಂತ ಜಾಸ್ತಿ ಅಲ್ಲೇ ನಿಂತಿದ್ದ. ಬೆಂಗಳೂರಿನ ಅವನ ವಯಸ್ಸಿನವರು ಒಂದೊಂದು ಹೊತ್ತಿಗೆ ಐದಾರು ಕಿಲೋಮೀಟರ್ ಈಜುತ್ತಿದ್ದರು. ಎರಡು ಹೊತ್ತು ಬೇರೆ. ನಮ್ಮ ಒಂದೂಕಾಲು ಗಂಟೆಯಲ್ಲಿ ಎಳೆದಾಡಿದರೂ ಮೂರೂವರೆ. ಆ ಆಟದಲ್ಲಿ ನಾವು ಗೆಲ್ಲುವ ಮಾತೇ ಇರಲಿಲ್ಲ.

ಆಗ ಕ್ರೀಡಾ ವಿಜ್ಞಾನಿ ಬ್ರೆಂಟ್ ರಶಲ್ ಅವರ ರೇಸ್ ಪೇಸ್ ವಿಧಾನಕ್ಕೆ ಬದಲಾಯಿಸಿದೆ. ಸೆಟ್ ನಿಮಗೆ ಗೊತ್ತಿರುತ್ತದೆ. 20 ಸಲ 25 ಮೀಟರ್, ನಡುವೆ 15ರಿಂದ 20 ಸೆಕೆಂಡ್ ಬಿಡುವು, ಪ್ರತಿಯೊಂದೂ ರೇಸ್ ವೇಗದಲ್ಲೇ. ಟೈಮ್ ತಪ್ಪಿದರೆ ಮುಂದಿನದು ಬಿಡಬೇಕು. ಸತತ ಎರಡು ತಪ್ಪಿದರೆ, ಇಲ್ಲವೇ ಒಟ್ಟು ಮೂರು ತಪ್ಪಿದರೆ ಆ ಸೆಟ್ ಅಲ್ಲಿಗೆ ಮುಗಿಯಿತು. 100ಕ್ಕೆ ಒಂದು ನಿಮಿಷ ಬೇಕಿದ್ದರೆ 25ಕ್ಕೆ 15 ಸೆಕೆಂಡ್. ಗೋಡೆ ಒದ್ದು ಹೊರಡುವ ಲಾಭಕ್ಕೆ ಅರ್ಧ ಸೆಕೆಂಡ್ ಕಳೆದು 14.5 ಇಟ್ಟೆ. ಮೊದಲ ವಾರ ಆರೇಳಕ್ಕೇ ಬಿದ್ದುಹೋಗುತ್ತಿದ್ದ. ದಿನದ ಒಟ್ಟು ಈಜು ಎರಡು ಕಿಲೋಮೀಟರ್ ದಾಟುತ್ತಿರಲಿಲ್ಲ. "ಸರ್, ನಂಗೆ ಸುಸ್ತೇ ಆಗ್ತಿಲ್ಲ, ಇದು ಪ್ರಾಕ್ಟೀಸಾ?" ಅಂತ ಅವನೇ ಕೇಳುತ್ತಿದ್ದ.

ಬೇರೆ ಕೋಚ್‌ಗಳು ಅಮೆರಿಕದ ಈಜುಗಾರ ಮೈಕೆಲ್ ಆಂಡ್ರೂನನ್ನು ತೋರಿಸಿ ಹೆದರಿಸಿದರು. ಈ ವಿಧಾನದಲ್ಲೇ ಬೆಳೆದವನು ಅವನು. ಟೋಕಿಯೊ ಒಲಿಂಪಿಕ್ಸ್‌ನ 200 ಮೀಟರ್ ಐಎಂನಲ್ಲಿ (ನಾಲ್ಕೂ ಬಗೆಯ ಈಜು ಇರುವ ರೇಸ್) 150ರವರೆಗೆ ಮುಂದಿದ್ದು ಕೊನೆಯ ಲ್ಯಾಪ್‌ನಲ್ಲಿ ಕುಸಿದು ಐದನೆಯವನಾದ. ಅದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅದೇ ಕೂಟದಲ್ಲಿ ಮೆಡ್ಲೆ ರಿಲೇ ಚಿನ್ನ ಗೆದ್ದಿದ್ದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಇರಲಿ. ನನ್ನ ಹುಡುಗನಿಗೆ ಬೇಕಿದ್ದದ್ದು 100 ಬ್ಯಾಕ್, 200 ಐಎಂ ಅಲ್ಲ.

ಆದರೆ ಅವರು ಹೇಳಿದ್ದು ಒಂದು ಕಡೆ ನಿಜವೇ ಆಯಿತು. 25ರ ಕೊಳದಲ್ಲಿ ಗಡಿಯಾರ ಕೊಟ್ಟ ಖುಷಿಯನ್ನೆಲ್ಲ 50ರ ಕೊಳ ಕಿತ್ತುಕೊಂಡಿತು. ಆ ವರ್ಷದ ಸ್ಟೇಟ್ ಮೀಟ್‌ನಲ್ಲಿ 35 ಮೀಟರ್‌ವರೆಗೆ ಮುಂದೆ, ಆಮೇಲೆ ಕೈ ಸತ್ತುಹೋದ ಹಾಗೆ. ಸ್ಟ್ರೋಕ್ ರೇಟ್ (ಎರಡೂ ಕೈ ಸೇರಿ ಒಂದು ಸುತ್ತು) ನಿಮಿಷಕ್ಕೆ 46 ಇದ್ದದ್ದು 40ಕ್ಕೆ ಇಳಿಯಿತು. ಪಾಪ, ಪ್ರತಿ 25ಕ್ಕೂ ಗೋಡೆ ಬರುತ್ತದೆ ಅಂತ ಅವನ ಮೈ ಕಾಯುತ್ತಿತ್ತು. ಅದರ ಮೇಲೆ ಎರಡೂ ಕಾಲು ಜೋಡಿಸಿ ನೀರಡಿಯಲ್ಲಿ ಒದೆಯುವ ಡಾಲ್ಫಿನ್ ಕಿಕ್ ಹುಚ್ಚು. ನಿಯಮ 15 ಮೀಟರ್ ಬಿಡುತ್ತದೆ ಅಂತ 15ರವರೆಗೂ ನೀರಡಿಯಲ್ಲೇ ಹೋಗುತ್ತಿದ್ದ. ಚಿಕ್ಕ ಕೊಳದಲ್ಲಿ ಅದು ಲಾಭ. ದೊಡ್ಡ ಕೊಳದಲ್ಲಿ ತೊಡೆ ಕಟ್ಟಿಕೊಳ್ಳುತ್ತದೆ. ಸ್ಟಾರ್ಟ್‌ಗೆ ಹತ್ತು ಹನ್ನೊಂದು, ಟರ್ನ್ ಆದಮೇಲೆ ಏಳೆಂಟು ಮೀಟರ್ ಅಂತ ಕಡಿಮೆ ಮಾಡಿದೆ. ಒಂದು ಸೆಕೆಂಡ್ ಹತ್ತಿರ ಅಲ್ಲೇ ವಾಪಸ್ ಬಂತು.

ಕೊನೆಯ 15 ಮೀಟರ್ ಸರಿ ಮಾಡಲು ಎರಡು ಕೆಲಸ ಮಾಡಿದೆವು. ಒಂದನ್ನು ಹೇಳುತ್ತೇನೆ. ಗೋಡೆ ಒದೆಯುವಂತಿಲ್ಲ. ನೀರಿನಲ್ಲಿ ಅಲುಗಾಡದೆ ತೇಲಿಕೊಂಡು, ಸೀಟಿ ಹೊಡೆದಾಗ ಅಲ್ಲಿಂದಲೇ ಹೊರಡಬೇಕು. ಸೊಂಟಕ್ಕೆ ರಬ್ಬರ್ ಟ್ಯೂಬ್, ಆ ಕಡೆ ಕೊಳದ ಕಂಬಿ. 18 ಮೀಟರ್ ದಾಟಿದ ಮೇಲೆ ಒಂದೊಂದು ಗೇಣಿಗೂ ಜಗಳ. ಟ್ಯೂಬ್ ಮೆಡಿಕಲ್ ಸ್ಟೋರ್‌ನಿಂದ ತಂದಿದ್ದು, ಐದಾರು ನೂರು ರೂಪಾಯಿ. ಕ್ಲೋರಿನ್‌ಗೆ ಬೇಗ ಹಾಳಾಗುತ್ತದೆ. ಕಂಪನಿಯದ್ದೇ ಬೇಕು ಅಂದರೆ ಐದು ಪಟ್ಟು ಬೆಲೆ, ಬಾಳಿಕೆ ಅಷ್ಟೇ. ಎರಡನೆಯ ಕೆಲಸ ಮೀಟ್‌ಗೆ ಮುಂಚಿನ ಎರಡು ವಾರದ್ದು. ಅದು ನಮ್ಮಲ್ಲೇ ಇರಲಿ. ಹುಡುಗ ಇನ್ನೂ ರೇಸ್ ಮಾಡುತ್ತಿದ್ದಾನೆ.

ರೇಟ್ ಕಾಯ್ದುಕೊಳ್ಳುವುದು ಇನ್ನೊಂದು ತಲೆನೋವು. ಟೋಪಿಯೊಳಗೆ ಇಟ್ಟರೆ ತಾಳ ಕೊಡುವ ಟೆಂಪೊ ಟ್ರೇನರ್ ಐದು ಸಾವಿರದ ಹತ್ತಿರ ಕೊಟ್ಟು ತರಿಸಿದೆ. ಎರಡನೆ ತಿಂಗಳಿಗೇ ಎಲ್ಲೋ ಬಿದ್ದುಹೋಯಿತು. ಮತ್ತೆ ಕೊಳ್ಳಲು ಮನಸ್ಸು ಬರಲಿಲ್ಲ. ಬ್ಯಾಕ್‌ಸ್ಟ್ರೋಕ್‌ನವನ ಕಿವಿ ನೀರೊಳಗೇ ಇರುತ್ತದೆ ಅಲ್ವಾ? ಕೊಳದ ಸ್ಟೀಲ್ ಏಣಿಗೆ ಸ್ಪ್ಯಾನರ್‌ನಿಂದ ಬಡಿದೆ. ಆ ತುದಿಯಲ್ಲಿದ್ದವನಿಗೆ ಟಣ್ ಟಣ್ ಅಂತ ಸ್ಪಷ್ಟವಾಗಿ ಕೇಳಿಸಿತು. ಅವತ್ತಿನಿಂದ ನನ್ನ ಒಂದು ಕಿವಿಗೆ ಫೋನಿನ ಮೆಟ್ರೊನೋಮ್, ಕೈಯಲ್ಲಿ ಸ್ಪ್ಯಾನರ್. ಅವನು ಕೈ ಬೀಸುವ ಒಂದೊಂದು ಸಲಕ್ಕೂ ಒಂದು ಏಟು. ಬೆಳಗಿನ ಜಾವ ನಿದ್ದೆ ಹಾಳಾಯಿತು ಅಂತ ವಾಚ್‌ಮನ್ ಗೊಣಗಿದ. ಚಹಾ ಕುಡಿಸಿ ಸಮಾಧಾನ ಮಾಡಿದೆ. ಸಾವಿರಾರು ರೂಪಾಯಿಯ ಯಂತ್ರಕ್ಕಿಂತ ಇದು ವಾಸಿ. ವೇಗ ಕುಸಿಯುತ್ತಿರುವುದು ಕಂಡ ತಕ್ಷಣ ನಾನೇ ಬದಲಾಯಿಸಬಹುದು.

ನಮ್ಮ ಕೊಳದಲ್ಲಿ ಬ್ಯಾಕ್‌ಸ್ಟ್ರೋಕ್ ಫ್ಲಾಗ್, ಅಂದರೆ ಗೋಡೆ ಹತ್ತಿರ ಬಂತು ಅಂತ ಅಂಗಾತ ಈಜುವವನಿಗೆ ತಿಳಿಸುವ ತೋರಣ, ಇರಲಿಲ್ಲ. ಚುನಾವಣೆ ಮುಗಿದ ಮೇಲೆ ಬೀದಿಯಲ್ಲಿ ನೇತಾಡುತ್ತಿದ್ದ ಬಂಟಿಂಗ್ಸ್ ತಂದು, ಗೋಡೆಯಿಂದ ಐದು ಮೀಟರ್‌ಗೆ ಅಳತೆ ಮಾಡಿ ಕಟ್ಟಿದೆವು. ಎಲ್ಲ ಪಕ್ಷದವೂ ಇದ್ದವು, ಯಾರೂ ತಕರಾರು ಮಾಡಲಿಲ್ಲ.

ಲೆಡ್ಜ್, ಅಂದರೆ ಹೊರಡುವಾಗ ಕಾಲು ಜಾರದ ಹಾಗೆ ಗೋಡೆಗೆ ನೇತುಹಾಕುವ ಆಸರೆ. ಅದರ ಕಥೆ ಸ್ವಲ್ಪ ಉದ್ದ. ಮೊದಲ ನ್ಯಾಷನಲ್ಸ್‌ನಲ್ಲಿ ಅವನು ಸ್ಟಾರ್ಟಿಂಗ್ ಲೆಡ್ಜ್ ನೋಡಿದ್ದೇ ಮೊದಲು. ಜೊತೆಯವರೆಲ್ಲ ಅದರ ಮೇಲೆ ಕಾಲಿಟ್ಟು ಕಮಾನಿನಂತೆ ಹಾರಿದರು. ಇವನು ಕಾಲು ಜಾರಿ ಸೊಂಟದ ಮೇಲೆ ಬಿದ್ದ. ರೇಸ್ ಅಲ್ಲೇ ಹೋಯಿತು. ಕೊಳ್ಳೋಣ ಅಂತ ವಿಚಾರಿಸಿದರೆ ಬೆಲೆ ಕೇಳಿ ಸುಮ್ಮನಾದೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಮಾಡಿಸಿದೆ. ಸ್ಟೇನ್‌ಲೆಸ್ ತಗಡು, ಗೋಡೆಗೆ ಹತ್ತು ಡಿಗ್ರಿ ಓರೆ, ನೀರಿನ ಮಟ್ಟದಿಂದ ನಾಲ್ಕು ಸೆಂಟಿಮೀಟರ್ ಮೇಲೆ ಕೆಳಗೆ ಸರಿಸುವ ಹಾಗೆ ಪಟ್ಟಿ. ಮೇಲೆ ಅಂಟಿಸಿದ್ದು ಚಪ್ಪಲಿ ಅಟ್ಟೆಯ ರಬ್ಬರ್ ಶೀಟ್. ಮೊದಲ ಸಲ ಇಡೀ ಸರಂಜಾಮು ಹುಡುಗನ ಸಮೇತ ನೀರಿಗೆ ಬಿತ್ತು. ಕೊಕ್ಕೆ ದಪ್ಪ ಮಾಡಿಸಿದ ಮೇಲೆ ನಿಂತಿತು. ಒಟ್ಟು ಖರ್ಚು ಎರಡೂವರೆ ಸಾವಿರ ಇರಬೇಕು. 15 ಮೀಟರ್‌ಗೆ ಅರ್ಧ ಸೆಕೆಂಡ್ ಉಳಿಯಿತು. ಅರ್ಧ ಸೆಕೆಂಡ್ ಇಷ್ಟು ಅಗ್ಗಕ್ಕೆ ಬೇರೆಲ್ಲೂ ಸಿಗುವುದಿಲ್ಲ.

ಒಂದು ಬೇಸಿಗೆ ಭದ್ರಾ ನಾಲೆಯನ್ನೂ ಬಿಡಲಿಲ್ಲ. ಶ್ರೀಮಂತ ದೇಶಗಳಲ್ಲಿ ನೀರು ಹರಿಸಿ ನಿಂತಲ್ಲೇ ಈಜಿಸುವ ಯಂತ್ರ ಇದೆ. ನಮ್ಮ ಮನೆ ಬಾಗಿಲಲ್ಲೇ ನಾಲೆ ಇದೆಯಲ್ಲ ಅಂತ ಯೋಚನೆ ಬಂತು. ದೊಡ್ಡ ನಾಲೆ ಅಲ್ಲ, ಎದೆಮಟ್ಟದ ಉಪನಾಲೆ. ಸೊಂಟಕ್ಕೆ ಹಗ್ಗ, ದಂಡೆ ಮೇಲೆ ಇಬ್ಬರು ದೊಡ್ಡವರು. ಅಡ್ಡಲಾಗಿ ಒಂದು ಕಾಲು ಸೇತುವೆ. ಹುಡುಗ ಹರಿವಿಗೆ ಎದುರಾಗಿ ಅಂಗಾತ ಈಜಬೇಕು. ಸೇತುವೆಯ ಅಂಚು ಸರಿಯಾಗಿ ಮೂಗಿನ ಮೇಲೇ ಇರಬೇಕು. ಹಿಂದೆ ಬಿದ್ದರೆ ಆಕಾಶ ಕಾಣುತ್ತದೆ, ಮುಂದೆ ಹೋದರೆ ಕಲ್ಲುಚಪ್ಪಡಿ ಕಾಣುತ್ತದೆ. ತಲೆ ಅಲುಗಾಡುವುದು ಹತ್ತೇ ದಿನದಲ್ಲಿ ನಿಂತುಹೋಯಿತು. ಆದರೆ ವೇಗ ಅಳೆಯಲು ಆಗಲಿಲ್ಲ. ಇವತ್ತಿನ ಹರಿವು ನಾಳೆ ಇರುವುದಿಲ್ಲ. ಆಮೇಲೆ ಸರದಿ ಪ್ರಕಾರ ನೀರು ಬಿಡುವ ಆನ್ ಅಂಡ್ ಆಫ್ ಶುರುವಾಗಿ ನೀರೇ ನಿಂತಿತು. ಕಿವಿ ಸೋಂಕು ಬೇರೆ ಬಂತು. ನೀವು ಮಾಡಬೇಡಿ ಅಂತಲೇ ಹೇಳುತ್ತೇನೆ. ನಾಲೆಯಲ್ಲಿ ಪ್ರತಿ ವರ್ಷ ಮಕ್ಕಳು ಮುಳುಗಿ ಹೋಗುವುದನ್ನು ನೋಡಿದ್ದೇವೆ.

ಇನ್ನು ದುಡ್ಡು. ಮೊದಮೊದಲು ವರ್ಷಕ್ಕೆ 40 ಸಾವಿರದ ಒಳಗೆ ಮುಗಿಯುತ್ತಿತ್ತು. ಕೊನೆಯ ವರ್ಷ ನಾಲ್ಕು ಲಕ್ಷದ ಹತ್ತಿರ. ಅಪ್ಪನದು ಮೂರು ಎಕರೆ ಗದ್ದೆ. "ಸರ, ಈಜು ಬಿಡಸ್ರಿ ಅನ್ನಂಗಿಲ್ಲ, ಆದ್ರ ಭತ್ತಕ್ಕ ರೇಟ್ ಬರ್ಬೇಕಲ್ರೀ" ಅನ್ನುತ್ತಿದ್ದರು. ಮೀಟ್‌ಗಳಿಗೆ ಮುಂಚೆ ಬೆಂಗಳೂರಿನಲ್ಲಿ 50 ಮೀಟರ್ ಕೊಳ ಸಿಗಬೇಕು, ಒಂದು ವಾರ ರೂಮು, ಊಟ. ಅದೇ ಒಂದು ದೊಡ್ಡ ಖರ್ಚು. ರೇಸಿಂಗ್ ಸೂಟ್ 24-25 ಸಾವಿರ. ಕೆಲವೇ ರೇಸ್ ಆದಮೇಲೆ ಅದರ ಬಿಗಿ ಹೋಗುತ್ತದೆ. ಹಾಗಾಗಿ ಹೀಟ್ಸ್‌ಗೆ (ಫೈನಲ್‌ಗೆ ಮುಂಚಿನ ಸುತ್ತು) ಹಳೆಯದು, ಫೈನಲ್‌ಗೆ ಮಾತ್ರ ಹೊಸದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಳಗಿನ ಅನುಮೋದನೆ ಗುರುತು ನೋಡಿ. ಇಲ್ಲದಿದ್ದರೆ ರೇಸ್‌ಗೆ ಮುಂಚೆ ಕೂರಿಸುವ ಕಾಲ್ ರೂಮಿನಲ್ಲೇ ನಿಲ್ಲಿಸುತ್ತಾರೆ.

ಪ್ರೋಟೀನ್ ಪುಡಿಗೆ ಡಬ್ಬಕ್ಕೆ ಮೂರು ನಾಲ್ಕು ಸಾವಿರ ಸುರಿದೆವು, ಆಮೇಲೆ ನಿಲ್ಲಿಸಿದೆ. ದುಡ್ಡಿಗಿಂತ ಭಯವೇ ಜಾಸ್ತಿ. ಜಿಮ್ ಪಕ್ಕದ ಅಂಗಡಿಯ ಡಬ್ಬದಲ್ಲಿ ಏನು ಬೆರೆಸಿದ್ದಾರೋ ಯಾರಿಗೆ ಗೊತ್ತು. ಉದ್ದೀಪನ ಮದ್ದು ತಪಾಸಣೆ ಮಾಡುವ ನಾಡಾದವರು ಬಂದು ಸ್ಯಾಂಪಲ್ ತೆಗೆದುಕೊಂಡರೆ ಜವಾಬ್ದಾರಿ ಹುಡುಗನದೇ. ಮೊಟ್ಟೆ, ಹಾಲು, ನೆನೆಸಿದ ಶೇಂಗಾ, ಹೆಸರುಕಾಳು ಶುರು ಮಾಡಿದೆವು. ತೂಕ ಇಳಿಯಲಿಲ್ಲ. ರೇಸ್ ಬೆಳಗ್ಗೆ ಅವಲಕ್ಕಿ ಮತ್ತು ಬಾಳೆಹಣ್ಣು. ಮಂಡಕ್ಕಿ ಮೆಣಸಿನಕಾಯಿ ಮಾತ್ರ ಮೀಟ್ ಮುಗಿಯುವವರೆಗೆ ಬಂದ್. ದಾವಣಗೆರೆಯವನಿಗೆ ಅದೇ ದೊಡ್ಡ ತ್ಯಾಗ.

ಹದಿನಾರಕ್ಕೆ 1:01. ಹದಿನೇಳಕ್ಕೆ ಜೂನಿಯರ್ ನ್ಯಾಷನಲ್ಸ್‌ನಲ್ಲಿ ಗ್ರೂಪ್ 1ರಲ್ಲಿ (ವಯಸ್ಸಿನ ವಿಭಾಗ) ಕಂಚು, ಟೈಮ್ 58 ಸೆಕೆಂಡ್‌ನ ಕೊನೆಗೆ. ಮೊದಲ 50 ಮೀಟರ್ 28.5ರ ಸುಮಾರು, ವಾಪಸ್ 30 ಚಿಲ್ಲರೆ. ಕೊನೆಯ 15ರಲ್ಲಿ ಒಬ್ಬನನ್ನು ಹಿಂದೆ ಹಾಕಿದ, ಇದನ್ನು ಬರೆಯದೆ ಇರಲಾರೆ. ಅವನು ನನ್ನನ್ನು ನೋಡಿ ನಕ್ಕವರ ಕ್ಲಬ್‌ನ ಹುಡುಗ.

ಅಲ್ಲಿಂದ ಮಲೇಷ್ಯಾ. ಸರ್ಕಾರಿ ಖರ್ಚಿನ ಟೀಮ್ ಅಲ್ಲ, ನಮ್ಮದೇ ಖರ್ಚಿನ ಏಜ್ ಗ್ರೂಪ್ ಮೀಟ್. ಎನ್‌ಒಸಿ ಪತ್ರಕ್ಕೆ ಮೊದಲೇ ಓಡಾಡಿ. ಮಾರ್ಕ್ಸ್ ಕಾರ್ಡ್‌ನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಅಂತ ಪಾಸ್‌ಪೋರ್ಟ್ ಎರಡು ತಿಂಗಳು ಹಿಡಿಯಿತು. ಮಗು ಹನ್ನೊಂದು ಹನ್ನೆರಡು ಇರುವಾಗಲೇ ಇದನ್ನು ಸರಿ ಮಾಡಿಸಿಡಿ. ಇಬ್ಬರಿಗೂ ಸೇರಿ ಒಂದೂವರೆ ಲಕ್ಷ ಚಿಲ್ಲರೆ. ಅಡಿಕೆ ಮಂಡಿಯ ಒಬ್ಬ ಸಾಹುಕಾರರು ಟಿಕೆಟ್ ಕೊಡಿಸಿದರು. ಹೆಸರು ಹಾಕಬೇಡಿ ಅಂದಿದ್ದಾರೆ.

ಕೌಲಾಲಂಪುರದ ಬುಕಿಟ್ ಜಲೀಲ್ ಕೊಳಕ್ಕೆ ಮಾಡು ಇದೆ. ಇವನು ಹುಟ್ಟಿದಾಗಿನಿಂದ ಬಯಲಲ್ಲೇ ಈಜಿದವನು. ವಾರ್ಮ್ ಅಪ್‌ನಲ್ಲಿ ಮೇಲಿನ ತೊಲೆಗಳನ್ನು ನೋಡುತ್ತಾ ಹೋಗಿ ಹಗ್ಗಕ್ಕೆ ಕೈ ಬಡಿದುಕೊಂಡ. ಯಾವ ತೊಲೆ ಲೇನ್‌ಗೆ ನೇರ ಇದೆ, ಯಾವುದು ಓರೆ ಅಂತ ಇಬ್ಬರೂ ದಂಡೆ ಮೇಲೆ ಮಲಗಿ ಲೆಕ್ಕ ಹಾಕಿದೆವು. ಅಲ್ಲಿನ ಮಕ್ಕಳು ವಿಚಿತ್ರವಾಗಿ ನೋಡಿದರು. ಹೀಟ್ಸ್ 58.7, ಫೈನಲ್ 58.4, ಆರನೆಯ ಸ್ಥಾನ. ಮೆಡಲ್ ಬರಲಿಲ್ಲ. ಅವನ ಬೆಸ್ಟ್ ಟೈಮ್ ಬಂತು, ಅದೂ ಪರದೇಶದ ನೀರಿನಲ್ಲಿ.

ಇದನ್ನು ಕೇಳಿ ಆಕಾಶಕ್ಕೆ ಏಣಿ ಹಾಕಬೇಡಿ. ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 2021ರ ಜೂನ್‌ನಲ್ಲಿ ರೋಮ್‌ನಲ್ಲಿ ಇದೇ 100 ಬ್ಯಾಕ್ ಅನ್ನು 53.77ಕ್ಕೆ ಮುಗಿಸಿ ಟೋಕಿಯೊ ಒಲಿಂಪಿಕ್ಸ್‌ನ ಎ ಕಟ್, ಅಂದರೆ ನೇರ ಅರ್ಹತೆಯ ಟೈಮ್, ದಾಟಿದರು. ಕಟ್ ಇದ್ದದ್ದು 53.85. ನಮ್ಮವನಿಗೂ ಅವರಿಗೂ ಇನ್ನೂ ಎಂಟು ಮೀಟರ್ ದೂರ. ಆ ಎಂಟು ಮೀಟರ್ ಈ 25ರ ಕೊಳದಲ್ಲಿ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಮುಂದಿನ ವರ್ಷ ಡಿಗ್ರಿಗೆ ಬೆಂಗಳೂರಿಗೆ ಕಳಿಸುವ ಮಾತು ನಡೆದಿದೆ. ಅಲ್ಲಿ ದಿನಕ್ಕೆ ಹತ್ತು ಕಿಲೋಮೀಟರ್ ಈಜಿಸಿದರೆ ಏನಾಗುತ್ತದೋ ನೋಡಬೇಕು. ಸದ್ಯ 200 ಬ್ಯಾಕ್ 2:09ಕ್ಕೆ ಅಂಟಿಕೊಂಡು ಕೂತಿದೆ. 50ರ ಸೆಟ್ ಶುರು ಮಾಡಿದ್ದೇವೆ, 20 ಸೆಕೆಂಡ್ ಬಿಡುವಿನಲ್ಲಿ. ಹನ್ನೆರಡು ಹದಿಮೂರಕ್ಕೆ ಬೀಳುತ್ತಿದ್ದಾನೆ. ಏಣಿ ಬಡಿಯಲು ಒಬ್ಬ ಜೂನಿಯರ್ ಹುಡುಗನನ್ನು ಹಾಕಿದ್ದೇನೆ, ನನ್ನ ಭುಜ ಹಿಡಿದುಕೊಂಡಿದೆ.