ಯೂರಿಯಾ ಚೀಲದಿಂದ ಶುರುವಾದ ನಮ್ಮೂರ ಲೆಕ್ಕ

ಹಾವೇರಿ ತಾಲೂಕಿನ ನಮ್ಮೂರಲ್ಲಿ ಮುಂಗಾರು ಬಂತೆಂದರೆ ಎತ್ತ ನೋಡಿದರೂ ಗೋವಿನಜೋಳ. ಈ ಸಲ ಪಂಚಾಯಿತಿಯ ವರ್ಷದ ಯೋಜನೆಗೆ ‘ಸ್ವಚ್ಛ ಮತ್ತು ಹಸಿರು ಗ್ರಾಮ’ ಅನ್ನೋ ವಿಷಯ ಆರಿಸಿಕೊಂಡೆವು. ಒಂದಿಷ್ಟು ಸಸಿ ನೆಟ್ಟರೆ ಸಾಕು ಅಂದವರಿದ್ದರು. ಸದಸ್ಯನಾಗಿ ನಾನು ಒಪ್ಪಲಿಲ್ಲ. ಊರಿನಿಂದ ಭೂಮಿಯನ್ನು ಬಿಸಿ ಮಾಡುವ ಹಸಿರುಮನೆ ಅನಿಲ ಎಲ್ಲೆಲ್ಲಿಂದ ಹೋಗುತ್ತದೆ ಅಂತಲೇ ಗೊತ್ತಿಲ್ಲದೆ ಕಡಿಮೆ ಮಾಡೋದು ಏನನ್ನು, ಅಲ್ವಾ?

ಬೀದಿ ದೀಪ, ಕುಡಿಯುವ ನೀರಿನ ಪಂಪಿನ ಕರೆಂಟ್ ಬಿಲ್ಲು ಪಂಚಾಯಿತಿಯಲ್ಲೇ ಇದ್ದವು. ಟ್ರ್ಯಾಕ್ಟರ್ ಇದ್ದವರಿಂದ ಡೀಸೆಲ್ ಲೆಕ್ಕ, ಸೊಸೈಟಿಯಿಂದ ಗೊಬ್ಬರದ ಲೆಕ್ಕ ತಂದೆವು. ಸಂಘದ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಸಿಲಿಂಡರ್ ಎಷ್ಟು ದಿನ ಬರುತ್ತದೆ ಅಂತ ಬರೆದುಕೊಂಡು ಬಂದರು. ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ, ಒಂದು ಲೀಟರ್ ಡೀಸೆಲ್‌ಗೆ 2.7 ಕೆಜಿ, 14.2 ಕೆಜಿ ಸಿಲಿಂಡರ್‌ಗೆ 42 ಕೆಜಿ ಇಂಗಾಲದ ಡೈಆಕ್ಸೈಡ್ ಅಂತ ಹಿಡಿದೆವು.

ಎಲ್ಲರ ಕಣ್ಣು ಬೀದಿ ದೀಪದ ಮೇಲಿತ್ತು. ಲೆಕ್ಕ ಕೂಡಿಸಿದಾಗ ಅದು ಎಲ್ಲೋ ಕೆಳಗೆ ಹೋಯಿತು. ಮೇಲೆ ಬಂದದ್ದು ಯೂರಿಯಾ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 45 ಕೆಜಿ ಚೀಲದಲ್ಲಿ ಸಾರಜನಕ ಶೇ 46, ಅಂದರೆ ಸುಮಾರು 21 ಕೆಜಿ. ಅದರಲ್ಲಿ ಸುಮಾರು ನೂರಕ್ಕೆ ಒಂದು ಪಾಲು ಮಣ್ಣಿನ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕು ನೈಟ್ರಸ್ ಆಕ್ಸೈಡ್ ಆಗಿ ಹಾರಿಹೋಗುತ್ತದೆ ಅಂತ ಲೆಕ್ಕ. ಇಷ್ಟೇನಾ ಅನಿಸುತ್ತದೆ. ಆದರೆ ಆ ಅನಿಲ ಭೂಮಿಯನ್ನು ಬಿಸಿ ಮಾಡುವುದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜಾಸ್ತಿ. ಯೂರಿಯಾ ಕರಗುವಾಗ ಬರುವ ಇಂಗಾಲದ ಡೈಆಕ್ಸೈಡನ್ನೂ ಸೇರಿಸಿದರೆ ಒಂದು ಚೀಲ ಹಾಕಿದ್ದು 120 ಕೆಜಿ ಹತ್ತಿರ ಇಂಗಾಲದ ಡೈಆಕ್ಸೈಡ್‌ಗೆ ಸಮ ಆಗುತ್ತದೆ. ಕಾರ್ಖಾನೆಯಲ್ಲಿ ತಯಾರಾಗುವಾಗ ಹೋಗಿದ್ದು ಇದರಲ್ಲಿ ಸೇರಿಲ್ಲ.

ವಾರ್ಡ್ ಸಭೆಯಲ್ಲಿ ಒಬ್ಬ ಹಿರಿಯರು ಎದ್ದರು. "ಅಲ್ಲೋ ತಮ್ಮಾ, ಹೊಗಿ ಬಿಡೂದು ಫ್ಯಾಕ್ಟರಿ. ನನ್ನ ಹೊಲದಾಗ ಎಲ್ಲೈತಿ ಹೊಗಿ?"

"ಕಾಕಾ, ಅದು ಕಣ್ಣಿಗೆ ಕಾಣೂದಿಲ್ಲ. ನೀವು ಒಂದು ಚೀಲ ಹಾಕಿದ್ರ 50 ಲೀಟರ್ ಪೆಟ್ರೋಲ್ ಸುಟ್ಟಂಗ" ಅಂದೆ. ಅವರು ಕೂತರು. ಆಮೇಲೆ ಅವರೇ ಕೇಳಿದರು, "ಹಂಗಾರ ಬೆಳಿಗೆ ಎಷ್ಟ ಹಾಕಬೇಕು?"

ಯೋಜನೆ ನಿಜವಾಗಿ ಶುರುವಾದದ್ದು ಆ ಪ್ರಶ್ನೆಯಿಂದ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು ಒಯ್ದು ಪರೀಕ್ಷೆ ಮಾಡಿಸಿದೆವು. ಮೇಲುಗೊಬ್ಬರವನ್ನು ಒಂದೇ ಸಲ ಎರಚೋದು ಬಿಟ್ಟು ಕಂತಿನಲ್ಲಿ, ನೆಲದಲ್ಲಿ ಹಸಿ ಇದ್ದಾಗ, ಸಾಲಿನ ಪಕ್ಕ ಹಾಕಿ ತಕ್ಷಣ ಎಡೆಕುಂಟೆ ಹೊಡೆದು ಮುಚ್ಚಿದೆವು. ಬಿಸಿಲಿಗೆ ಬಿಟ್ಟ ಯೂರಿಯಾ ಅಮೋನಿಯಾ ಆಗಿ ಹೋಗುತ್ತದೆ, ಬೆಳೆಗೂ ಇಲ್ಲ ದುಡ್ಡಿಗೂ ಇಲ್ಲ. ಎರಡನೇ ಕಂತಿಗೆ ಮೊದಲು ಎಲೆ ಬಣ್ಣದ ಪಟ್ಟಿ, ಅಂದರೆ ತಿಳಿ ಹಸಿರಿನಿಂದ ಕಡು ಹಸಿರಿನವರೆಗೆ ಬಣ್ಣ ಇರುವ ಪಟ್ಟಿಯನ್ನು ಎಲೆಗೆ ಹಿಡಿದು ನೋಡಬೇಕು. ಎಲೆಯ ಹಸಿರು ಪಟ್ಟಿಯಲ್ಲಿ ಹೇಳಿದಷ್ಟು ಇದ್ದರೆ ಆ ವಾರ ಗೊಬ್ಬರ ಬೇಡ. ಚೀಲದ ಬೆಲೆ 266 ರೂಪಾಯಿ ಚಿಲ್ಲರೆ ಅಷ್ಟೇ, ಅದಕ್ಕೇ ಜನ ಕೈಬಿಚ್ಚಿ ಹಾಕುತ್ತಾರೆ. ಆದರೆ ಸೀಸನ್ನಿನಲ್ಲಿ ಸೊಸೈಟಿ ಮುಂದೆ ಪಾಳಿ ಹಚ್ಚುವ ಕಷ್ಟ ಎಲ್ಲರಿಗೂ ಗೊತ್ತು. ಹವಾಮಾನದ ಮಾತಿಗಿಂತ ಪಾಳಿಯ ಮಾತೇ ಜಾಸ್ತಿ ಕೆಲಸ ಮಾಡಿತು. ಅದರಲ್ಲಿ ತಪ್ಪೇನೂ ಇಲ್ಲ ಅಂತ ನನ್ನ ಅಭಿಪ್ರಾಯ.

ಕೊಯ್ಲಾದ ಮೇಲೆ ದಂಟಿಗೆ ಬೆಂಕಿ ಹಚ್ಚೋದು ಎರಡನೇ ವಿಷಯ. ಇಲ್ಲಿ ನಿಷೇಧದ ಬೋರ್ಡು ಹಾಕಿ ಪ್ರಯೋಜನವಿಲ್ಲ. ಹಿಂಗಾರಿ ಬಿತ್ತನೆಗೆ ಹೊಲ ಬೇಗ ಖಾಲಿ ಆಗಬೇಕು, ಆಳು ಸಿಗೋದಿಲ್ಲ. ದಂಟು ಪುಡಿ ಮಾಡಿ ಮಣ್ಣಿಗೆ ಸೇರಿಸುವ ಯಂತ್ರವನ್ನು ಬಾಡಿಗೆಗೆ ತರಬೇಕು, ಒಂದು ಓಣಿಯ ಹೊಲಗಳಿಗೆಲ್ಲ ಒಟ್ಟಿಗೆ ಹೊಡೆಸಬೇಕು. ಆಗ ಬಾಡಿಗೆ ಕೈಗೆ ಎಟುಕುತ್ತದೆ.

ದನಗಳು ಮೆಲುಕು ಹಾಕುವಾಗ ತೇಗಿನಲ್ಲಿ ಬಿಡುವ ಮೀಥೇನ್ ಅನ್ನೋ ಹಸಿರುಮನೆ ಅನಿಲವನ್ನು ಯೋಜನೆಯಿಂದ ಕೈಬಿಟ್ಟೆವು. ಎಮ್ಮೆಯ ಹಾಲಿನಿಂದ ಸಂಸಾರ ನಡೆಸುವವರಿಗೆ ಎಮ್ಮೆ ಕಡಿಮೆ ಮಾಡಿ ಅಂತ ನಾನು ಹೇಳಲಾರೆ. ತಿಪ್ಪೆಯಿಂದ ಹೋಗುವುದನ್ನು ಮಾತ್ರ ಹಿಡಿಯಬಹುದು. ದಿನಕ್ಕೆ 50 ಕೆಜಿ ಸಗಣಿ ಸಿಗುವ ಮನೆಯಲ್ಲಿ 2 ಘನ ಮೀಟರ್ ಗೋಬರ್ ಗ್ಯಾಸ್ ನಡೆಯುತ್ತದೆ, ಸಣ್ಣ ಸಂಸಾರದ ಅಡುಗೆಗೆ ಸಾಕು. ಉಳಿದ ಸ್ಲರಿ ಹೊಲಕ್ಕೆ ಹೋದರೆ ಯೂರಿಯಾ ಇನ್ನಷ್ಟು ಇಳಿಯುತ್ತದೆ.

ಬರುವ ಗ್ರಾಮಸಭೆಯಲ್ಲಿ ಯಂತ್ರದ ಬಾಡಿಗೆಯಲ್ಲಿ ಪಂಚಾಯಿತಿಯ ಪಾಲು ಎಷ್ಟು ಅಂತ ತೀರ್ಮಾನ ಆಗಬೇಕು. ಎಲೆ ಬಣ್ಣದ ಪಟ್ಟಿ ಓಣಿಗೊಂದರಂತೆ ಹಂಚುವ ಜವಾಬ್ದಾರಿಯನ್ನು ಸಂಘದವರು ತಗೊಂಡಿದ್ದಾರೆ.